ಕಿವಿಯೊಳಗಿನ ತಂಬೂರಿ

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಈಶ್ವರಯ್ಯನವರು ನನ್ನ ಮಾವ. ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ೧೯೪೫ರಲ್ಲಿ. ಅಷ್ಟು ಹೊತ್ತಿಗೆ ಅವರ ಕಿವಿ ಹೋಗಿ ಏಳು ವರ್ಷವಾಗಿತ್ತು. ಆದ್ದರಿಂದ ಈಗ ಹೇಳುವುದರಲ್ಲಿ ನಾನು ಕಣ್ಣಾರೆ ಕಂಡದ್ದು ಕಡಿಮೆ. ಅರ್ಧ ನನ್ನ ಅತ್ತೆ ನೀಲಾಂಬಿಕೆ ಒಲೆಯ ಮುಂದೆ ಕೂತು ಹೇಳಿದ್ದು, ಇನ್ನರ್ಧ ಮಾವನವರೇ ಬಾಯಿಬಿಟ್ಟು ಒಪ್ಪಿಕೊಂಡದ್ದು. ಒಪ್ಪಿಕೊಳ್ಳುವುದರಲ್ಲಿ ಅವರದು ದೊಡ್ಡ ಕೈ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆ ಪೈಕಿ.

ನನಗೆ ಸಂಗೀತ ಅಷ್ಟಕ್ಕಷ್ಟೆ. ಒಂದು ಹಾಡಿಗಾಗಿ ಯಾರಾದರೂ ಇಷ್ಟು ಕಳೆದುಕೊಳ್ಳುತ್ತಾರೆಯೇ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಸಿಟ್ಟಿನ ಹಿಂದೆಯೇ ಕಣ್ಣಲ್ಲಿ ನೀರೂ ಬರುತ್ತದೆ, ಅದು ಬೇರೆ ವಿಷಯ.

ಮಾವನವರ ಬದುಕು ನಿಂತಿದ್ದದ್ದೇ ಕಿವಿಯ ಮೇಲೆ. ಹಿತ್ತಾಳೆ, ತಾಮ್ರ, ಕಂಚು ಯಾವುದೇ ಇರಲಿ, ಅವರು ಪಾತ್ರೆಯನ್ನು ಎಡಗೈಯಲ್ಲಿ ತೂಗುಹಿಡಿದು ಬಲಗೈ ಬೆರಳಿನ ಗೆಣ್ಣಿನಿಂದ ಒಂದು ಪೆಟ್ಟು ಕೊಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೂದಲೆಳೆಯಷ್ಟು ಬಿರುಕಿದ್ದರೂ ನಾದದಲ್ಲಿ ಸಿಕ್ಕಿಬೀಳುತ್ತಿತ್ತು. "ಒಡಕು, ತಗೊಂಡ್ ಹೋಗು" ಅಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಚನ್ನರಾಯಪಟ್ಟಣದ ಕಡೆಯವರು ದೇವಸ್ಥಾನದ ಗಂಟೆ ಕೊಳ್ಳುವುದಿದ್ದರೆ ಅಲ್ಲಿಯ ಸಂತೆ ಬಿಟ್ಟು ಇಲ್ಲಿಗೆ ಬರುತ್ತಿದ್ದರು. ಈಶ್ವರಯ್ಯನ ಗೆಣ್ಣು ಸುಳ್ಳು ಹೇಳುವುದಿಲ್ಲ ಎಂದು ಮೂರು ತಾಲ್ಲೂಕಿನಲ್ಲಿ ಮಾತಿತ್ತು.

ಸಂಗೀತ ಕಚೇರಿಗಳಲ್ಲೂ ಇದೇ ಕಥೆ. ಮೊದಲ ಸಾಲಿನ ನಡುಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಹಾಡುವವರು ಲೆಕ್ಕ ತಪ್ಪಿದರೆ ಅವರ ಕೈ ನೋಡಿ ಸರಿಮಾಡಿಕೊಳ್ಳುತ್ತಿದ್ದರಂತೆ. ಚೆನ್ನಾಗಿದ್ದರೆ ಒಂದೇ ಒಂದು "ಭೇಷ್". ಕೆಟ್ಟದಾಗಿದ್ದರೂ ಅದೇ "ಭೇಷ್", ಆದರೆ ಹಾಡು ಅರ್ಧದಲ್ಲಿ ಕೆಟ್ಟ ಜಾಗಕ್ಕೆ ಸರಿಯಾಗಿ, ಮುಖದಲ್ಲಿ ನಗುವಿಲ್ಲದೆ. ಆ ಎರಡನೆಯ ಭೇಷ್ ಕೇಳಿದ ಒಬ್ಬ ವಿದ್ವಾಂಸ ಮತ್ತೆ ನರಸೀಪುರದ ಕಡೆ ತಲೆ ಹಾಕಿಯೂ ಮಲಗಲಿಲ್ಲ ಎಂದು ಅತ್ತೆ ಹೇಳುತ್ತಿದ್ದರು.

ಇಂಥ ಮನುಷ್ಯ ಮನಸಾರೆ ಮೆಚ್ಚಿದ್ದು ಒಂದೇ ಕಂಠವನ್ನು. ಅರಕಲಗೂಡಿನ ಜಯಲಕ್ಷ್ಮಮ್ಮ. ಸಂತೆಗೆ ಪಾತ್ರೆ ಹೊರಿಸಿಕೊಂಡು ಹೋದಾಗ ಯಾರದೋ ಮನೆಯ ಜಗಲಿಯಲ್ಲಿ ಹನ್ನೆರಡು ವರ್ಷದ ಹುಡುಗಿ ಹಾಡುವುದನ್ನು ಕೇಳಿ, ಸಂತೆ ಮರೆತು ಅಲ್ಲೇ ನಿಂತುಬಿಟ್ಟರಂತೆ. "ಈ ಮಗೀನ ಗಂಟ್ಲು ಕಂಚಿಂದು ಕಣ್ರಯ್ಯ. ಎಲ್ ಬಡಿದ್ರೂ ಒಂದೇ ನಾದ" ಅಂದರು. ಆ ಮಾತು ಅವಳನ್ನು ಬೆಳೆಸಿತು. ಮುಂದೆ ಅವಳ ಸಣ್ಣಪುಟ್ಟ ಕಚೇರಿಗಳಿಗೆಲ್ಲ ಇವರು ಹೋಗಿ ಎದುರು ಕೂರುತ್ತಿದ್ದರು, ಅವಳು ಇವರ ಕೈಯನ್ನೇ ನೋಡಿಕೊಂಡು ಹಾಡುತ್ತಿದ್ದಳು. ಆಮೇಲೆ ಅವಳು ಬೆಂಗಳೂರು ಸೇರಿದಳು, ಹೆಸರಾಯಿತು, ಗ್ರಾಮಫೋನಿಗೆ ಮೂರು ಪ್ಲೇಟು ಹಾಡಿದಳು. ಆ ಮೂರೂ ಬಂದವು ಅಂತ ಗೊತ್ತಾದ ವಾರವೇ ಮಾವನವರು ಮೈಸೂರಿಗೆ ಹೋಗಿ ಪ್ಲೇಟುಗಳ ಜೊತೆಗೆ ಗ್ರಾಮಫೋನನ್ನೇ ಹೊತ್ತುಕೊಂಡು ಬಂದರು.

೧೯೩೮ರ ಗಣೇಶೋತ್ಸವದಲ್ಲಿ ಹಾಸನದಲ್ಲಿ ಜಯಲಕ್ಷ್ಮಮ್ಮನ ಕಚೇರಿ ಗೊತ್ತಾಯಿತು. ನಾಲ್ಕು ವರ್ಷದ ಮೇಲೆ ತನ್ನ ಸೀಮೆಯಲ್ಲಿ ಮೊದಲ ಕಚೇರಿ. ಗುರುವಾರ ಸಾಯಂಕಾಲ ಐದು ಗಂಟೆಗೆ. ಅವಳೇ ಕಾಗದ ಬರೆದಿದ್ದಳು: "ಅಪ್ಪಾವ್ರೆ, ತಾವು ಎದುರಿಗೆ ಕೂತರೆ ನನಗೆ ಧೈರ್ಯ. ತಪ್ಪದೆ ಬರಬೇಕು." ಆ ಕಾಗದವನ್ನು ಮಾವನವರು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು.

ಭಾನುವಾರ ಚಳಿಜ್ವರ ಬಂತು.

ಆ ಕಾಲದಲ್ಲಿ ಹೊಳೆದಂಡೆಯ ಊರುಗಳಲ್ಲಿ ಮಳೆ ಹಿಂದೆಗೆದ ಮೇಲೆ ಈ ಜ್ವರ ಬಾರದ ಮನೆಯಿರಲಿಲ್ಲ. ದಿನ ಬಿಟ್ಟು ದಿನ ಲೆಕ್ಕ ಹಾಕಿದ ಹಾಗೆ ಬರುತ್ತದೆ. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತದೆ. ಮಾವನವರು ಕಂಬಳಿಯೊಳಗಿಂದಲೇ ಬೆರಳು ಮಡಿಸಿದರು. ಭಾನುವಾರ, ಮಂಗಳವಾರ, ಗುರುವಾರ. ಕಚೇರಿಯ ದಿನವೇ ಸರಿಯಾಗಿ ಬರುತ್ತದೆ.

ಸೋಮವಾರ ಆಸ್ಪತ್ರೆಯ ಡಾಕ್ಟರು ಕ್ವಿನೈನು ಮಾತ್ರೆ ಕೊಟ್ಟರು. ಬೆಳಿಗ್ಗೆ ಒಂದು, ಸಂಜೆ ಒಂದು. ಪಕ್ಕದಲ್ಲಿ ನಿಂತಿದ್ದ ಅತ್ತೆಗೂ ಕೇಳುವ ಹಾಗೆ ಹೇಳಿದರು: "ಕಿವಿ ಗುಂಯ್ ಅಂದರೆ ಆ ಕ್ಷಣ ನಿಲ್ಲಿಸಿ ನನ್ನ ಹತ್ತಿರ ಬನ್ನಿ. ಅದರ ಮೇಲೂ ನುಂಗಿದರೆ ಕಿವಿ ಉಳಿಯೋ ಭರವಸೆ ನಾನು ಕೊಡಲಾರೆ." ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ಆಮೇಲೆ ಯಾರನ್ನೂ ದೂರುವ ಹಾಗಿರಲಿಲ್ಲ.

ಎರಡು ಮಾತ್ರೆಯಲ್ಲಿ ಗುರುವಾರದ ಜ್ವರ ತಡೆಯುವುದಿಲ್ಲ ಅನ್ನುವುದು ಮಾವನವರ ಹಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮಲ್ಲಿಪಟ್ಟಣದ ದೇವಯ್ಯ ಅಂತ ಒಬ್ಬ ರೈತ, ಊರಿನ ಗುಡಿಗೆ ಗಂಟೆ ಹೇಳಿಹೋಗಲು ಹಿಂದಿನ ವಾರ ಬಂದಿದ್ದ. ಸರ್ಕಾರದವರು ಹಳ್ಳಿಯಲ್ಲಿ ಹಂಚಿದ್ದ ಕ್ವಿನೈನು ಪೊಟ್ಟಣವನ್ನು, ಕಹಿ ಅಂತ ಮನೆಯಲ್ಲಿ ಯಾರೂ ಮುಟ್ಟದ್ದರಿಂದ, ಅಂಗಡಿಯಲ್ಲಿ ಕೊಟ್ಟುಹೋಗಿದ್ದ. ಅದನ್ನು ಮಾವನವರು ಪಾತ್ರೆಗಳ ಹಿಂದೆ ಬಚ್ಚಿಟ್ಟುಕೊಂಡರು. ಮನೆಯಲ್ಲಿ ಅತ್ತೆಯ ಎದುರಿಗೆ ಒಂದು, ಅಂಗಡಿಯಲ್ಲಿ ಮೂರು. ಮಂಗಳವಾರದ ಜ್ವರ ಅರ್ಧಗಂಟೆಗೆ ಮುಗಿಯಿತು. ಗೆದ್ದೆ ಅಂದುಕೊಂಡು ಬುಧವಾರ ಇನ್ನೂ ಹೆಚ್ಚು ನುಂಗಿದರು.

ಗುರುವಾರ ಬೆಳಗಾಗುವ ಮುಂಚೆ ಅವರಿಗೆ ಎಚ್ಚರವಾಯಿತು. ಯಾರೋ ಎಲ್ಲೋ ತಂಬೂರಿ ಮೀಟುತ್ತಿದ್ದರು.

ಮೊದಲು ಪಕ್ಕದ ಮನೆ ಅಂದುಕೊಂಡರಂತೆ. ಎದ್ದು ಬಾಗಿಲು ತೆಗೆದು ಬೀದಿಗೆ ಬಂದರು. ಬೀದಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಒಳಗೆ ಬಂದರೂ ಅದೇ ನಾದ, ಹಿತ್ತಲಿಗೆ ಹೋದರೂ ಅದೇ. ಏರದೆ ಇಳಿಯದೆ ಒಂದೇ ಸಮ. ಕಿವಿಯ ಮೇಲೆ ಅಂಗೈ ಮುಚ್ಚಿದರು. ನಾದ ಇನ್ನೂ ಚೆನ್ನಾಗಿ ಕೇಳಿಸಿತು.

ಬೇರೆ ಯಾರಾಗಿದ್ದರೂ ಆಗಲೇ ಆಸ್ಪತ್ರೆಗೆ ಓಡುತ್ತಿದ್ದರು. ಡಾಕ್ಟರು ಹೇಳಿದ ಗುಂಯ್ ಇದೇ ಎಂದು ಅವರಿಗೂ ಗೊತ್ತಾಯಿತು. ಆದರೆ ಆ ಮಹಾರಾಯ ಏನು ಮಾಡಿದರು ಗೊತ್ತೇ? ಕತ್ತಲಲ್ಲಿ ಕೂತು ಅದರ ಶ್ರುತಿ ಯಾವುದೆಂದು ನೋಡಿದರು! ಮೆಲ್ಲಗೆ ಒಂದು ಸ್ವರ ಎಳೆದು ಹೊಂದಿಸಿಕೊಂಡರು. ಜಯಲಕ್ಷ್ಮಮ್ಮ ಹಾಡುವ ಶ್ರುತಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. "ಶಿವ ಕೊಟ್ಟ ಸೂಚನೆ ಅಂದ್ಕೊಂಡೆ ಕಣಮ್ಮ" ಎಂದು ನನಗೆ ಹೇಳಿದರು. ಶಿವನ ಮೇಲೆ ಹಾಕಿದರೆ ಶಿವ ಬಂದು ಇಲ್ಲ ಅನ್ನುತ್ತಾನೆಯೇ?

ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆಯೇ ಗ್ರಾಮಫೋನಿನ ಮುಂದೆ ಕೂತರು. ಸಂಜೆ ಹಾಡುವವಳ ಮೂರು ಪ್ಲೇಟನ್ನೂ ಬೆಳಿಗ್ಗೆ ಒಂದು ಸುತ್ತು ಕೇಳಿ ಕಿವಿ ಹದಮಾಡಿಕೊಳ್ಳುವುದು ಅವರ ಲೆಕ್ಕ. ಮೊದಲು ಬಿಲಹರಿ ರಾಗದ್ದು. ಕೀ ತಿರುಗಿಸಿ, ಹೊಸ ಪಿನ್ನು ಹಾಕಿ, ಪ್ಲೇಟಿನ ಮೇಲೆ ಮುಳ್ಳು ಇಳಿಸಿದರು. ಹಾಡು ಬಂತು, ಆದರೆ ಬಾಗಿಲಾಚೆಯಿಂದ ಬಂದ ಹಾಗೆ. ಪಿನ್ನು ಮೊಂಡಾಗಿದೆ ಎಂದು ಇನ್ನೊಂದು ಹಾಕಿದರು. ಅದೂ ಹಾಗೆಯೇ. ಪ್ಲೇಟನ್ನು ಪಂಚೆಯ ಸೆರಗಿನಿಂದ ಒರೆಸಿದರು. ಕಾಂಬೋದಿ ಹಾಕಿದರು. ಪಿಟೀಲು ಪೂರ್ತಿ ಮಾಯವಾಗಿತ್ತು. ಮೃದಂಗ ಮಾತ್ರ ದೂರದಲ್ಲಿ ಯಾರೋ ಅವಲಕ್ಕಿ ಕುಟ್ಟುವ ಹಾಗೆ ಕೇಳುತ್ತಿತ್ತು. ಮೂರನೆಯದು ಒಂದು ದೇವರನಾಮ. ಅದಕ್ಕೆ ಆರು ಪಿನ್ನು ಬದಲಾಯಿಸಿದರು. ಒಂದೊಂದೇ ಪಿನ್ನನ್ನು ಎಣಿಸಿ ಖರ್ಚು ಮಾಡುತ್ತಿದ್ದ ಮನುಷ್ಯ ಹೀಗೆ ಪಿನ್ನು ಚೆಲ್ಲುವುದನ್ನು ಕಂಡು ಅತ್ತೆ ಅಡುಗೆಮನೆಯಿಂದ ಬಂದರು.

"ಯಾಕ್ರೀ, ಪ್ಲೇಟು ಕೆಟ್ಟೋಯ್ತಾ?"

ಅವರು ತಿರುಗಲಿಲ್ಲ. ಅತ್ತೆ ಹತ್ತಿರ ಬಂದು ಇನ್ನೊಮ್ಮೆ ಕೇಳಿದರು.

"ಮುಳ್ಳು ಸರಿಯಿಲ್ಲ ಕಣೇ!" ಎಂದು ಅವರು ಕೂಗಿದ ಹೊಡೆತಕ್ಕೆ ಅತ್ತೆಯ ಕೈಲಿದ್ದ ಸೌಟು ಬಿತ್ತು. ಅಷ್ಟು ಜೋರಾಗಿ ಅವರು ಜನ್ಮದಲ್ಲಿ ಮಾತಾಡಿದವರಲ್ಲ. ಅತ್ತೆಗೆ ಆಗಲೇ ಡಾಕ್ಟರ ಮಾತು ನೆನಪಾಗಿತ್ತು.

ಅಂಗಡಿಗೆ ಹೋದಾಗ ದೇವಯ್ಯ ಕಾದಿದ್ದ. ಅವನಿಗೆಂದು ಕಂಚುಗಾರನಿಂದ ತರಿಸಿಟ್ಟ ಮೂರು ಕಂಚಿನ ಗಂಟೆಗಳನ್ನು ಮಾವನವರು ಗದ್ದುಗೆಯ ಮೇಲಿಟ್ಟರು. ಒಂದನ್ನು ಎತ್ತಿ ಗೆಣ್ಣಿನಿಂದ ಬಡಿದು ಕಣ್ಣು ಮುಚ್ಚಿದರು. ಮುಖ ಕಿವುಚಿದರು. "ಒಡಕು." ಎರಡನೆಯದು. "ಇದೂ ಒಡಕು." ಮೂರನೆಯದನ್ನು ಎರಡು ಸಲ ಬಡಿದರು. "ಮೂರೂ ಒಡಕು ಕಳಿಸವ್ನೆ ಕಳ್ಳ ನನ್ಮಗ!"

ದೇವಯ್ಯ ಬೆಪ್ಪಾದ. ತಾನೇ ಒಂದು ಗಂಟೆಯನ್ನು ಎತ್ತಿ ಬಡಿದ. ಅದರ ನಾದ ಬೀದಿಯ ಕೊನೆಯವರೆಗೂ ಹೋಯಿತಂತೆ. "ಯಜಮಾನ್ರೆ, ನಂಗ್ಯಾಕೋ ಚೆಂದಾಗೇ ಕೇಳ್ತೈತೆ" ಅಂದ. ಮಾವನವರು ಸುಮ್ಮನೆ ಅವನ ಮುಖ ನೋಡಿದರು. ಮಾತು ಕೇಳಿಸಿರಲಿಲ್ಲ. ಅವನು ಅದನ್ನು ಬೇರೆ ಥರ ತಿಳಿದುಕೊಂಡ. "ಆಯ್ತು ಬುಡಿ, ನಿಮ್ಗಿಂತ ನನ್ ಕಿವಿ ಎಚ್ಚಾ? ಒಡಕು ಅಂದ್ರೆ ಒಡಕೇಯ" ಎಂದು ಕೈಮುಗಿದು ಹೊರಟ. ಮೂರು ಒಳ್ಳೆಯ ಗಂಟೆಗಳು ಕರಗಿಸುವುದಕ್ಕೆಂದು ಕಂಚುಗಾರನ ಮನೆಗೆ ವಾಪಸು ಹೋದವು.

ಈಶ್ವರಯ್ಯ ತಪ್ಪುತ್ತಾನೆ ಅಂತ ಅವತ್ತು ಯಾರಿಗೂ ಹೊಳೆಯಲಿಲ್ಲ. ಅದೇ ದೊಡ್ಡ ಗ್ರಹಚಾರ.

ಹನ್ನೊಂದು ಗಂಟೆಗೆ ಊಟಕ್ಕೆ ಬಂದರು. ಚಳಿ ಬಂದಿರಲಿಲ್ಲ, ಮೈ ತಣ್ಣಗಿತ್ತು. ಅವರ ಮುಂದೆ ತಟ್ಟೆಯಿಟ್ಟು ಅತ್ತೆ ಎದುರಿಗೇ ಕೂತರು. ಮಾತು ಕೇಳಿಸುವುದೋ ಇಲ್ಲವೋ ಎಂದು ತಮ್ಮ ಕಿವಿಯನ್ನು ಮುಟ್ಟಿ ತೋರಿಸಿ ಕೇಳಿದರು.

"ನಿಜ ಹೇಳಿ. ಕಿವಿ ಗುಂಯ್ ಅಂತೈತಾ?"

ಅವರಿಗೆ ಅರ್ಥವಾಯಿತು. ಹೌದು ಅಂದರೆ ಹಾಸನದ ರೈಲಿಲ್ಲ, ಆಸ್ಪತ್ರೆ. ಬಹುಶಃ ಆಗಲಾದರೂ ನಿಲ್ಲಿಸಿದ್ದರೆ ಅಷ್ಟಿಷ್ಟು ಉಳಿಯುತ್ತಿತ್ತು. ಡಾಕ್ಟರು ಆಮೇಲೆ ಹಾಗೆಯೇ ಹೇಳಿದರು. ಮಾವನವರು ಅನ್ನ ಕಲೆಸುತ್ತಾ, "ಇಲ್ಲ ಕಣೆ, ಎಂಥದೂ ಇಲ್ಲ" ಅಂದರು. ಲಿಂಗ ಕಟ್ಟಿದ ಎದೆಯ ಮೇಲೆ ಕೈಯಿಟ್ಟು ಅಂದರು. ಅತ್ತೆ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅಂಗಡಿಯಿಂದ ಜೇಬಿನಲ್ಲಿ ತಂದಿದ್ದ ಪೊಟ್ಟಣದಲ್ಲಿ ಉಳಿದ ನಾಲ್ಕೂ ಮಾತ್ರೆಯನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡರು. ದಾರಿಯಲ್ಲಿ ಚಳಿ ಬಂದರೆ ಅನ್ನುವ ಭಯ.

ಜ್ವರದವರನ್ನು ಒಬ್ಬರನ್ನೇ ಕಳಿಸುವುದಿಲ್ಲ ಎಂದು ಅತ್ತೆಯೂ ಹೊರಟರು. ರೈಲಿನಲ್ಲಿ ಮಾವನವರು ಕಿಟಕಿಯ ಪಕ್ಕ ಕೂತು ನಗುತ್ತಿದ್ದರಂತೆ. ಚಕ್ರದ ಸದ್ದು ಕೇಳುತ್ತಿರಲಿಲ್ಲ, ಶಿಳ್ಳೆ ಕೇಳುತ್ತಿರಲಿಲ್ಲ. ತಂಬೂರಿ ಮಾತ್ರ ಒಂದೇ ಸಮ ಮೀಟುತ್ತಿತ್ತು. ಕಚೇರಿ ಶುರುವಾದರೆ ಅವಳ ಕಂಠ ಇದನ್ನು ಸೀಳಿಕೊಂಡು ಬರುತ್ತದೆ, ಪ್ಲೇಟಿನ ಸತ್ತ ದನಿ ಬೇರೆ, ಎದುರಿನ ಜೀವಂತ ದನಿ ಬೇರೆ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಹಾಸನ ಹತ್ತಿರವಾದ ಹಾಗೆ ನಗು ಕಡಿಮೆಯಾಯಿತು. ಇಳಿಯಲು ಎದ್ದಾಗ ಅವರ ಜೇಬಿನಿಂದ ಖಾಲಿ ಕ್ವಿನೈನು ಪೊಟ್ಟಣ ಬಿದ್ದದ್ದನ್ನು ಅತ್ತೆ ಕಂಡರು. ಇಳಿಯುವಾಗ ಅತ್ತೆಯ ಕೈ ಹಿಡಿದುಕೊಂಡರು. ಬೀದಿಯಲ್ಲಿ ಹೆಂಡತಿಯ ಕೈ ಹಿಡಿಯುವವರಲ್ಲ ಅವರು.

ಚಪ್ಪರ ತುಂಬಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಹಗ್ಗ. ಮೊದಲ ಸಾಲಿನ ನಡುಮಧ್ಯದ ಜಾಗವನ್ನು ಇವರಿಗೆಂದೇ ಖಾಲಿ ಬಿಟ್ಟಿದ್ದರು. ಜಯಲಕ್ಷ್ಮಮ್ಮ ವೇದಿಕೆಗೆ ಬಂದವಳೇ ಇವರನ್ನು ಹುಡುಕಿ ನೋಡಿ ತಲೆ ಬಾಗಿಸಿದಳು. ತಂಬೂರಿ ಹಿಡಿದವಳು ಮೀಟತೊಡಗಿದಳು. ಮಾವನವರಿಗೆ ಆ ಬೆರಳು ಕಂಡಿತು. ಕಿವಿಯಲ್ಲಿದ್ದದ್ದು ವೇದಿಕೆಯ ತಂಬೂರಿಯೋ ಬೆಳಗಿನದೋ ತಿಳಿಯಲಿಲ್ಲ.

ಜಯಲಕ್ಷ್ಮಮ್ಮ ಬಾಯಿ ತೆರೆದಳು.

"ಕತ್ತಿನ ನರ ಉಬ್ಬಿದ್ದು ಕಂಡೆ. ತುಟಿ ಅಲುಗಿದ್ದು ಕಂಡೆ. ಅಷ್ಟೇಯ" ಅಂತ ಹೇಳಿದರು ನನಗೆ. ಬಾವಿಯ ತಳದಿಂದ ಬಂದಂಥ ಒಂದು ಎಳೆ ಮೊದಲಿಗೆ ಇತ್ತಂತೆ. ಎರಡನೆಯ ಹಾಡಿಗೆ ಅದೂ ಹೋಯಿತು.

ಆಗಲಾದರೂ ಎದ್ದುಬರಬಹುದಿತ್ತು. ಆದರೆ ಅವಳು ಇವರ ಕೈಯನ್ನೇ ನೋಡುತ್ತಿದ್ದಳು. ಕೈ ನಿಲ್ಲಿಸಿದರೆ ಅವಳು ಹೆದರುತ್ತಾಳೆ ಎಂದು ಇವರು ಮೃದಂಗದವನ ಬೆರಳು ನೋಡಿಕೊಂಡು ತಾಳ ಹಾಕತೊಡಗಿದರು. ಸ್ವಲ್ಪ ಹೊತ್ತು ನಡೆಯಿತು. ಕಾಂಬೋದಿಯ ದೊಡ್ಡ ಹಾಡಿಗೆ ಬರುವಷ್ಟರಲ್ಲಿ ಮೃದಂಗದವನು ಹುಮ್ಮಸ್ಸಿನಲ್ಲಿ ಪೆಟ್ಟುಗಳನ್ನು ಹಿಂದೆಮುಂದೆ ಮಾಡಿ ಆಟವಾಡಿಸಿದ. ಮಾವನವರ ಕೈ ಅರ್ಧ ಎಣಿಕೆ ಹಿಂದೆ ಬಿತ್ತು. ಅವರಿಗದು ಗೊತ್ತಾಗಲಿಲ್ಲ, ಗಟ್ಟಿಯಾಗಿ ತೊಡೆ ತಟ್ಟುತ್ತಲೇ ಹೋದರು.

ಜಯಲಕ್ಷ್ಮಮ್ಮ ನೋಡಿದಳು. ಈಶ್ವರಯ್ಯನ ಕೈ ತಪ್ಪುವುದುಂಟೇ? ತನ್ನದೇ ತಪ್ಪಿದೆ ಅಂದುಕೊಂಡು ಅವಳು ಅರ್ಧ ಎಣಿಕೆ ಜಾರಿಸಿ ಇವರ ಕೈಗೆ ಹೊಂದಿಸಿಕೊಂಡಳು. ಮೃದಂಗದವನು ಗಾಬರಿಯಾಗಿ ತಲೆಯೆತ್ತಿದ. ಪಿಟೀಲಿನವನು ಕಮಾನು ಎತ್ತಿಬಿಟ್ಟ. ಅವಳು ಮತ್ತೆ ಅತ್ತ ಸರಿಯಲು ನೋಡಿದಳು, ಸಾಹಿತ್ಯ ಮರೆಯಿತು. ಹಾಡು ನಡುನೀರಿನಲ್ಲಿ ನಿಂತಿತು.

ಅವಳ ತುಟಿ ನಿಂತದ್ದನ್ನೂ ಕೈ ಕೆಳಗಿಳಿದದ್ದನ್ನೂ ಮಾವನವರು ಕಂಡರು. ಹಾಡು ಮುಗಿಯಿತು ಅಂದುಕೊಂಡರು. ನಗುವ ಚೈತನ್ಯ ಅವರಿಗಿರಲಿಲ್ಲ. ಆದರೂ ಆ ಹುಡುಗಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂದು, ಆ ನಿಶ್ಶಬ್ದದ ನಡುವೆ, ಚಪ್ಪರ ನಡುಗುವ ಹಾಗೆ ಕೂಗಿದರು.

"ಭೇಷ್!"

ಎರಡನೆಯ ಭೇಷ್. ಅದರ ಅರ್ಥ ಗೊತ್ತಿಲ್ಲದವರು ಆ ಚಪ್ಪರದಲ್ಲಿ ಯಾರೂ ಇರಲಿಲ್ಲ. ಜಯಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎದ್ದುಹೋಗುವುದಕ್ಕೆ ತಂಬೂರಿಯವಳ ಭುಜ ಹಿಡಿದಳು.

ನನ್ನ ಅತ್ತೆ ಪರಪುರುಷರ ಎದುರಿಗೆ ಜೋರಾಗಿ ಮಾತಾಡಿದವರಲ್ಲ. ಅಂಗಡಿಗೆ ಊಟ ಕಳಿಸಬೇಕಾದರೂ ಹಿಂದಿನ ಬಾಗಿಲಿನಿಂದ ಕಳಿಸುತ್ತಿದ್ದವರು. ಅವರು ಎದ್ದರು. ಹಗ್ಗವನ್ನು ಕೈಯಲ್ಲಿ ಎತ್ತಿ ಅದರಡಿ ನುಗ್ಗಿ, ಗಂಡಸರ ಸಾಲುಗಳನ್ನು ದಾಟಿ, ಗಂಡನ ಬೆನ್ನ ಹಿಂದೆ ಬಂದು ನಿಂತರು. ಇಷ್ಟು ಹೊತ್ತು ತಾಳ ಹಾಕಿದ್ದ ಆ ಕೈಯನ್ನು ಬಗ್ಗಿ ಹಿಡಿದುಕೊಂಡರು.

"ನೀನು ತಪ್ಪಿಲ್ಲ ಕಣವ್ವ. ಇವ್ರಿಗೆ ಕಿವಿ ಕೇಳ್ತಿಲ್ಲ. ಬೆಳಗ್ಗಿಂದ್ಲೂ ಕೇಳ್ತಿಲ್ಲ. ನಿನ್ ಹಾಡಿಗೇಂತ ಔಸ್ದಿ ನುಂಗಿ ನುಂಗಿ ಕಿವಿ ಕಳ್ಕೊಂಡವ್ರೆ. ನೀನು ಹಾಡು."

ಮಾವನವರು ಸುತ್ತ ನೋಡಿದರು. ನೂರಾರು ಮುಖಗಳು ತಮ್ಮ ಕಡೆ ತಿರುಗಿದ್ದವು. ಹೆಂಡತಿಯ ಕೈ ತಮ್ಮ ಕೈ ಮೇಲಿತ್ತು. ಆಗ ಅವರಿಗೆ ತಿಳಿಯಿತು. ಚಿಕ್ಕ ಮಗುವಿನ ಹಾಗೆ ಕೇಳಿದರಂತೆ, "ಯಾಕೆ, ಮುಗೀಲಿಲ್ವಾ?"

ಜಯಲಕ್ಷ್ಮಮ್ಮ ಕಣ್ಣೊರೆಸಿಕೊಂಡು ಕೂತಳು. ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಅವತ್ತು ಹಾಡಿದ ಹಾಗೆ ಅವಳು ಆಮೇಲೆ ಯಾವತ್ತೂ ಹಾಡಲಿಲ್ಲ ಎಂದು ಹಾಸನದವರು ಬಹಳ ವರ್ಷ ಹೇಳುತ್ತಿದ್ದರು. ಮುದುಕರು ಅತ್ತರಂತೆ. ಅತ್ತೆ ಗಂಡಸರ ಸಾಲಿನಲ್ಲೇ, ಗಂಡನ ಪಕ್ಕದಲ್ಲೇ ಕೊನೆಯವರೆಗೂ ಕೂತಿದ್ದರು, ಯಾರೂ ಏಳಿ ಅನ್ನಲಿಲ್ಲ. ಅವಳು ಯಾರಿಗಾಗಿ ಹಾಡಿದಳೋ ಅವರೊಬ್ಬರನ್ನು ಬಿಟ್ಟು ಮಿಕ್ಕ ಎಲ್ಲರೂ ಕೇಳಿದರು.

ವಾಪಸು ರೈಲಿನಲ್ಲಿ ಮಾವನವರು ಒಂದೇ ಪ್ರಶ್ನೆ ಕೇಳುತ್ತಿದ್ದರು. "ಹೆಂಗೆ ಹಾಡಿದ್ಲು? ಹೆಂಗೆ ಹಾಡಿದ್ಲು ಹೇಳೇ." ಅತ್ತೆಗೆ ರಾಗ ಗೊತ್ತಿಲ್ಲ, ತಾಳ ಗೊತ್ತಿಲ್ಲ. ಚೆನ್ನಾಗಿತ್ತು ಅನ್ನುವುದೊಂದೇ ಗೊತ್ತಿದ್ದ ಮಾತು, ಅದನ್ನು ಅವರಿಗೆ ಮುಟ್ಟಿಸುವ ದಾರಿಯಿರಲಿಲ್ಲ. ಮಾರನೆಯ ದಿನ ಡಾಕ್ಟರು ಎಷ್ಟು ನುಂಗಿದಿರಿ ಎಂದು ಚೀಟಿಯಲ್ಲಿ ಬರೆದು ಕೇಳಿದರು. ಲೆಕ್ಕ ಕೇಳಿ ಲೇಖನಿ ಕೆಳಗಿಟ್ಟರು. ಕೆಲವರಿಗೆ ತಾನಾಗಿ ವಾಪಸು ಬರುವುದೂ ಉಂಟು, ಕಾದು ನೋಡಿ ಎಂದು ಅತ್ತೆಗೆ ಹೇಳಿದರು. ಕಾದರು, ಬರಲಿಲ್ಲ.

ಅಂಗಡಿಯಲ್ಲಿ ಅತ್ತೆ ಕೂತರು. ಗೆಣ್ಣಿನಿಂದ ಬಡಿದು ಕೇಳುವುದನ್ನು ಕಲಿತರು. ನಾನು ಬಂದ ಮೇಲೆ ನನಗೂ ಕಲಿಸಿದರು. ದೇವಯ್ಯ ತನ್ನ ಗುಡಿಗೆ ಬೇರೆ ಗಂಟೆ ಕೊಂಡ. ಆ ಮೂರು ಒಳ್ಳೆಯ ಗಂಟೆ ಕರಗಿಹೋದದ್ದನ್ನು ಮಾವನವರಿಗೆ ಯಾರೂ ಹೇಳಿರಲಿಲ್ಲ. ಹೇಳಿ ಏನು ಮಾಡುವುದು?

ಗ್ರಾಮಫೋನು ಹಜಾರದಲ್ಲೇ ಇತ್ತು. ಅವರು ದಿನಾ ಅದರ ಧೂಳು ಒರೆಸುತ್ತಿದ್ದರು, ಒಂದು ದಿನವೂ ಕೀ ತಿರುಗಿಸಲಿಲ್ಲ. ನಮಗೆ ಹಾಕಲೂ ಬಿಡಲಿಲ್ಲ. ಸಂಜೆ ಮಂಚದ ಮೇಲೆ ಕೂತು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಯಾರದೋ ದಾರಿ ಕಾಯುವ ಹಾಗೆ ಬಾಗಿಲ ಕಡೆ ನೋಡುತ್ತಿದ್ದರು. ನಲವತ್ತೆಂಟರಲ್ಲಿ, ನನ್ನ ಎರಡನೆಯ ಬಾಣಂತನ ಮುಗಿದ ಹೊಸತರಲ್ಲಿ, ಒಂದು ಸಂಜೆ ನನಗೆ ರೇಗಿತು. ಹತ್ತು ವರ್ಷವಾಯಿತು, ಇನ್ನೂ ಏನು ಕೇಳುವುದಿದೆ ಇವರಿಗೆ? ಸ್ಲೇಟಿನ ಮೇಲೆ ಬರೆದು ಹಿಡಿದೆ: "ಮಾವ, ಏನು ಕೇಳುತ್ತಾ ಕೂತಿದ್ದೀರಿ?"

ಓದಿ ನಕ್ಕರು. ನನಗೆ ಅವರ ಮೇಲಿದ್ದ ಸಿಟ್ಟು ಆ ಸಂಜೆಯ ಮಟ್ಟಿಗೆ ಇಳಿಯಿತು.

"ತಂಬೂರಿ ಕಣಮ್ಮ" ಅಂದರು. "ಅವತ್ತು ಬೆಳಗಿನ ಜಾವ ಶುರುವಾದದ್ದು, ಒಂದು ಗಳಿಗೆ ನಿಂತಿಲ್ಲ. ಶ್ರುತಿ ಅಂಗೇ ಐತೆ. ಹಾಡೋಳು ಮಾತ್ರ ಇನ್ನೂ ಬಂದಿಲ್ಲ."